ಕತ್ತಲೂ ಕಾಣಬೇಕಲ್ಲವೆ?

2019ನೆಯ ಇಸವಿ, ಏಪ್ರಿಲ್ ತಿಂಗಳ 28ನೆಯ ತಾರೀಖು, ಭಾನುವಾರ. ನ್ಯೂಯಾರ್ಕ್ ನಗರದಲ್ಲಿ ರಾತ್ರಿ ಒಂಬತ್ತು ಗಂಟೆ. ಮನೆಮನೆಗಳಲ್ಲಿ ಜನರು ಟೆಲಿವಿಷನ್ನಿನ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. 2011ರಿಂದ ನಡೆದುಬಂದ ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿಯ ಮಹಾಯುದ್ಧದ ಕಂತು ಅಂದು ಪ್ರಸಾರವಾಗಲಿದೆ. ಸತ್ತವರ ಸೇನೆಯೊಂದು ಬದುಕಿದವರ ಕೋಟೆಯ ಮೇಲೆ ಏರಿಬರುವ ಘೋರ ರಾತ್ರಿ ಅದು. ಕಂತಿನ ಹೆಸರು ‘ದಿ ಲಾಂಗ್ ನೈಟ್’, ಎಂದರೆ ದೀರ್ಘರಾತ್ರಿ. ಉತ್ತರ ಐರ್ಲೆಂಡಿನ ಚಳಿಯಲ್ಲಿ 55 ರಾತ್ರಿಗಳ ಕಾಲ ಬಯಲಿನಲ್ಲಿ ನಿಂತು ಅದನ್ನು ಚಿತ್ರಿಸಿದ್ದರು.

ಕಂತು ಆರಂಭವಾಯಿತು. ಕೆಲವು ನಿಮಿಷಗಳು ಕಳೆದುವು. ನೋಡುತ್ತ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡತೊಡಗಿದರು. ತೆರೆಯ ಮೇಲೆ ಕತ್ತಿಗಳ ಖಣಖಣವಿದೆ, ಕುದುರೆಗಳ ಹೇಷಾರವವಿದೆ, ಆರ್ತನಾದವಿದೆ. ಆದರೆ ಕಾಣುವುದು ಮಾತ್ರ ಬೂದುಗಪ್ಪು ಮಂಜಿನಂಥದೊಂದು ಮುಸುಕು. ಸತ್ತವರಾರು, ಉಳಿದವರಾರು? ತಿಳಿಯಲೊಲ್ಲದು. ಒಬ್ಬರು ಎದ್ದು ಕಿಟಕಿಯ ಪರದೆ ಎಳೆದರು. ಇನ್ನೊಬ್ಬರು ರಿಮೋಟನ್ನು ಹಿಡಿದು ಒಂದೊಂದೇ ಗುಂಡಿಯನ್ನು ಒತ್ತಿನೋಡಿದರು. ಮತ್ತೊಬ್ಬರು ತಮ್ಮ ಟಿ.ವಿ.ಯೇ ಕೆಟ್ಟಿತೆಂದು ಭಾವಿಸಿದರು. ಅದೇ ಹೊತ್ತಿನಲ್ಲಿ ಭಾರತದಲ್ಲಿ ಸೋಮವಾರ ಬೆಳಗ್ಗೆ ಆರೂವರೆ. ಅಂತರ್ಜಾಲದ ಮೂಲಕ ಅದೇ ಕಂತನ್ನು ಇಲ್ಲಿ ನೋಡುತ್ತಿದ್ದವರ ಕಿಟಕಿಗಳಲ್ಲಿ ಆಗತಾನೆ ಎಳೆಬಿಸಿಲು ಇಳಿಯುತ್ತಿತ್ತು. ಆ ಧಾರಾವಾಹಿಯ ಅತ್ಯಂತ ಕರಾಳ ರಾತ್ರಿಯನ್ನು ಅವರು ಹಾಡುಹಗಲಿನಲ್ಲಿ ನೋಡಬೇಕಾಯಿತು!

ದೂರುಗಳ ಸುರಿಮಳೆಯಾಯಿತು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಸುಮ್ಮನಿರಲಿಲ್ಲ. ಚಿತ್ರ ಅತಿಯಾಗಿ ಕಪ್ಪಾಗಿಲ್ಲ, ತಾವು ಬೇಕೆಂದೇ ಹಾಗೆ ಚಿತ್ರಿಸಿದ್ದು, ಪ್ರಸಾರದಲ್ಲಿ ಚಿತ್ರವನ್ನು ಕುಗ್ಗಿಸಿ ಕಳುಹಿಸಿದ್ದರಿಂದ ಅದು ಕೆಟ್ಟಿತು, ಮೇಲಾಗಿ ಬಹುಮಂದಿಗೆ ತಮ್ಮ ಟಿ.ವಿ.ಯನ್ನು ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲ ಎಂಬುದು ಅವರ ಉತ್ತರದ ಸಾರ. ನೋಡುಗರಿಗೆ ಇದು ಗಾಯದ ಮೇಲೆ ಉಪ್ಪೆರಚಿದಂತಾಯಿತು. ಹಣ ಕೊಟ್ಟು, ಕಾದು ಕುಳಿತು, ಏನೂ ಕಾಣದೆ ಎದ್ದವರೇ ತಪ್ಪಿತಸ್ಥರೆ?

ಯಾರ ಮಾತು ಸರಿ? ಈ ವಿವಾದ ಒಂದು ಧಾರಾವಾಹಿಗೆ ಸೀಮಿತವಾದುದಲ್ಲ. ಇಂದು ಮನೆಯಲ್ಲಿ ಕುಳಿತು ಚಿತ್ರ ನೋಡುವ ಪ್ರತಿಯೊಂದು ಸಂಸಾರಕ್ಕೂ ಒಂದಲ್ಲ ಒಂದು ಸಂಜೆ ಈ ಅನುಭವ ಆಗಿಯೇ ಇರುತ್ತದೆ. ಆದುದರಿಂದ ಇದರ ಒಳಗುಟ್ಟನ್ನು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಬೆಳಕಿನಿಂದ ಹುಟ್ಟಿದ ಕತ್ತಲು

ತೆರೆಯ ಮೇಲಿನ ಕತ್ತಲು ದೀಪವಾರಿದ ಕೋಣೆಯ ಕತ್ತಲಲ್ಲ. ಅದನ್ನು ಕೈಯಾರ ರೂಪಿಸಬೇಕು. ಆ ಕಲೆಯಲ್ಲಿ ಭಾರತದ ಅಗ್ರಗಣ್ಯರೊಬ್ಬರು ಮೈಸೂರಿನವರೇ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, 1946ರಲ್ಲಿ ಡಿಪ್ಲೊಮಾ ಪಡೆದು, ಮುಂಬಯಿಗೆ ಹೋಗಿ ಗುರುದತ್ತರ ಕಣ್ಣಾದರು. 1957ರ ‘ಪ್ಯಾಸಾ’, 1959ರ ‘ಕಾಗಜ್ ಕೆ ಫೂಲ್’, 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಗಳ ನೆರಳು-ಬೆಳಕಿನ ಸೊಗಸು ಅವರದು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಬರಿದಾದ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕಂಬವೊಂದು ಓರೆಯಾಗಿ ಇಳಿಯುವ ದೃಶ್ಯವನ್ನು ಕಂಡವರು ಮರೆಯಲಾರರು. ಸ್ಟುಡಿಯೋದ ದೀಪಗಳಿಂದ ಅಂಥ ನೇರವಾದ ಕಿರಣ ಸಿಕ್ಕಲಿಲ್ಲ. ಮೂರ್ತಿಯವರು ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿಯನ್ನು ನಿಲ್ಲಿಸಿ, ಒಳಗೆ ಎತ್ತರದಲ್ಲಿ ಇನ್ನೊಂದನ್ನು ಇರಿಸಿ, ಸೂರ್ಯನ ಬೆಳಕನ್ನೇ ಒಳಕ್ಕೆ ಕರೆತಂದರು. ಆ ಕಿರಣದ ಸುತ್ತ ಉಳಿದುದೆಲ್ಲ ಕತ್ತಲಾಗಿ ಕಂಡಿತು. ಅಂದಿನ ಫಿಲ್ಮಿಗೆ ಬೆಳಕನ್ನು ಗ್ರಹಿಸುವ ಶಕ್ತಿ ಕಡಮೆ. ಇರುಳನ್ನು ತೋರಿಸಬೇಕಾದರೂ ಧಾರಾಳವಾಗಿ ದೀಪಗಳನ್ನು ಹೊತ್ತಿಸಬೇಕಾಗಿತ್ತು. ಎಲ್ಲಿ ಬೆಳಕು ಬೀಳಬಾರದೆಂಬುದನ್ನು ಅಳೆದು ತಡೆಯಬೇಕಾಗಿತ್ತು. ಕತ್ತಲೆಂಬುದು ಲೆಕ್ಕಾಚಾರದ ಫಲವಾಗಿತ್ತು.

ಆ ಕತ್ತಲನ್ನು ಜನರು ನೋಡಿದ್ದು ಇನ್ನೊಂದು ಕತ್ತಲಿನಲ್ಲಿ ಕುಳಿತು. ಇದು ಮುಖ್ಯವಾದ ಮಾತು. ನಮ್ಮ ಊರುಗಳ ತೊಗಲುಗೊಂಬೆಯಾಟವನ್ನೇ ನೆನೆಯಿರಿ: ದೀಪ ಪರದೆಯ ಹಿಂದೆ, ಜನ ಪರದೆಯ ಮುಂದೆ ಇರುಳಿನಲ್ಲಿ. ಚಿತ್ರಮಂದಿರದ ಏರ್ಪಾಡೂ ಅದೇ ಜಾತಿಯದು. ಬಾಗಿಲು ಮುಚ್ಚಿ, ದೀಪಗಳಾರಿ, ಕಣ್ಣು ಮೆಲ್ಲಮೆಲ್ಲನೆ ಕತ್ತಲಿಗೆ ಒಗ್ಗುತ್ತದೆ. ಕಣ್ಣು ಪೂರ್ತಿಯಾಗಿ ಒಗ್ಗಲು ಸುಮಾರು ಅರ್ಧ ಗಂಟೆ ಬೇಕು. ಆಮೇಲೆ ತೆರೆಯ ಮೇಲಿನ ಅತಿ ಸೂಕ್ಷ್ಮವಾದ ನೆರಳೂ ಅದಕ್ಕೆ ಮಾತನಾಡುತ್ತದೆ.

ಮನೆಯೊಳಕ್ಕೆ ಬಂದ ಇರುಳು

1988ರಲ್ಲಿ ದೂರದರ್ಶನದಲ್ಲಿ ‘ತಮಸ್’ ಪ್ರಸಾರವಾಯಿತು. ಭೀಷ್ಮ ಸಾಹನಿಯವರ ಕಾದಂಬರಿಯನ್ನು ತೆರೆಗೆ ತಂದವರು ಗೋವಿಂದ ನಿಹಲಾನಿ. ಅವರೂ ಬೆಂಗಳೂರಿನ ಅದೇ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು. ಮೂರ್ತಿಯವರ ಕೈಕೆಳಗೆ ಪಳಗಿದವರು. ‘ತಮಸ್’ ಚಿತ್ರೀಕರಣದಲ್ಲಿ ನಿಹಲಾನಿಯವರೊಡನೆ ಮೂರ್ತಿಯವರೂ ಇದ್ದರು. ಹೆಸರೇ ಕತ್ತಲು, ಕಥೆಯೋ ದೇಶವಿಭಜನೆಯ ಕಾಲದ ಗಲಭೆಯದು. ಬೆಳ್ಳಿತೆರೆಗೆ ನೆರಳನ್ನು ಕಡೆದುಕೊಟ್ಟ ಕೈ ಈಗ ಮನೆಯ ಸಣ್ಣ ತೆರೆಗೂ ಇರುಳನ್ನು ಕಟ್ಟಿಕೊಡಬೇಕಾಗಿತ್ತು.

ಆ ಕಾಲದ ಗಾಜಿನ ಪೆಟ್ಟಿಗೆಯ ಮಿತಿಗಳನ್ನು ಎಲ್ಲರೂ ಬಲ್ಲರು. ತೆರೆ ಚಿಕ್ಕದು, ಅತಿ ಬಿಳುಪಿಗೂ ಅತಿ ಕಪ್ಪಿಗೂ ನಡುವೆ ತೋರಿಸಬಹುದಾದ ಮೆಟ್ಟಿಲುಗಳು ಕೆಲವೇ. ಆದುದರಿಂದ ಟೆಲಿವಿಷನ್ನಿಗೆ ಕೆಲಸ ಮಾಡುವವರಲ್ಲಿ ಒಂದು ಅಲಿಖಿತ ಸಂಪ್ರದಾಯವಿತ್ತು: ಇರುಳಾದರೂ ಚಿಂತೆಯಿಲ್ಲ, ಮುಖ ಕಾಣಲಿ, ಹಿನ್ನೆಲೆಯಲ್ಲಿ ಒಂದು ಬೆಳಕಿನ ಗೆರೆಯಾದರೂ ಇದ್ದು ಮನುಷ್ಯನ ಆಕಾರ ಕತ್ತಲಿನಿಂದ ಬೇರ್ಪಡಲಿ. ನೋಡುವವರು ನಡುಮನೆಯಲ್ಲಿ ದೀಪ ಹಚ್ಚಿಕೊಂಡು, ಊಟದ ತಟ್ಟೆ ಹಿಡಿದುಕೊಂಡು, ನಡುನಡುವೆ ಮಕ್ಕಳನ್ನು ಗದರಿಸುತ್ತ ಕುಳಿತಿದ್ದಾರೆಂಬುದನ್ನು ಆ ಸಂಪ್ರದಾಯ ಮರೆತಿರಲಿಲ್ಲ.

ಆ ಸಂಪ್ರದಾಯ ಈಚೆಗೆ ಸಡಿಲಿದೆ. ಫಿಲ್ಮಿನ ಕಾಲದಲ್ಲಿ ಚಿತ್ರ ಹೇಗೆ ಬಂದಿದೆಯೆಂಬುದು ಪ್ರಯೋಗಾಲಯದಿಂದ ಸುರುಳಿ ಹಿಂದಿರುಗುವವರೆಗೆ ತಿಳಿಯುತ್ತಿರಲಿಲ್ಲ. ಬೆಳಕು ಸಾಲದೆ ಕೆಟ್ಟರೆ ಏನು ಗತಿ ಎಂಬ ಭಯ ಛಾಯಾಗ್ರಾಹಕನನ್ನು ಕಾಯುತ್ತಿತ್ತು. ಇಂದಿನ ಡಿಜಿಟಲ್ ಕ್ಯಾಮರಾ ಒಂದೆರಡು ಮೇಣದಬತ್ತಿಗಳ ಬೆಳಕಿನಲ್ಲಿಯೂ ಚಿತ್ರ ಹಿಡಿಯಬಲ್ಲದು. ಹಿಡಿದುದನ್ನು ಆ ಕ್ಷಣವೇ ಪಕ್ಕದ ತೆರೆಯಲ್ಲಿ ತೋರಿಸಬಲ್ಲದು. ಭಯ ಹೋಯಿತು, ಧೈರ್ಯ ಬಂದಿತು. ಟೆಲಿವಿಷನ್ನನ್ನೂ ಸಿನಿಮಾದಂತೆಯೇ ಗಂಭೀರವಾದ ಕಲೆಯೆಂದು ತೋರಿಸಬೇಕೆಂಬ ಹಂಬಲವೂ ಅದರೊಡನೆ ಸೇರಿತು. ಹಂಬಲ ತಪ್ಪೇನಲ್ಲ. ಆದರೆ ಕ್ಯಾಮರಾದ ಕಣ್ಣು ಕಂಡುದೆಲ್ಲ ಮನೆಯವರ ಕಣ್ಣನ್ನು ತಲಪುತ್ತದೆಯೆ?

ದಾರಿಯಲ್ಲಿ ಸೋರಿಹೋಗುವುದು

ಚಿತ್ರದ ಬಣ್ಣ-ಬೆಳಕುಗಳನ್ನು ಕೊನೆಯದಾಗಿ ತಿದ್ದುವುದು ಮಂದಬೆಳಕಿನ ಒಂದು ಕೋಣೆಯಲ್ಲಿ, ಬಹಳ ಬೆಲೆಬಾಳುವ ತೆರೆಯ ಮೇಲೆ. ತೆರೆಯಿಂದ ಹೊಮ್ಮುವ ಬೆಳಕನ್ನು ‘ನಿಟ್’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಚದರ ಮೀಟರಿನಿಂದ ಸುಮಾರು ಒಂದು ಮೇಣದಬತ್ತಿಯಷ್ಟು ಬೆಳಕು ಹೊಮ್ಮಿದರೆ ಅದು ಒಂದು ನಿಟ್. ಚಿತ್ರಮಂದಿರದ ತೆರೆಯ ಅತಿ ಬೆಳ್ಳನೆಯ ಭಾಗಕ್ಕೆ ನಿಗದಿಯಾದ ಪ್ರಮಾಣ 48 ನಿಟ್. ತಿದ್ದುವ ಕೋಣೆಯ ಸಾಮಾನ್ಯ ತೆರೆಗೆ 100. ಮನೆಯ ಟಿ.ವಿ.ಯಾದರೋ 300ಕ್ಕೂ ಮೇಲೆ ಸುಲಭವಾಗಿ ಏರುತ್ತದೆ. ಮೂವರಲ್ಲಿ ಮನೆಯದೇ ಪ್ರಖರವಾದುದು! ಆದರೂ ಕತ್ತಲಿನ ದೃಶ್ಯ ಕಾಣದೆ ಹೋಗುವುದು ಅಲ್ಲಿಯೇ. ಇದೆಂಥ ವಿಚಿತ್ರ?

ಮೊದಲನೆಯ ಕಾರಣ, ಚಿತ್ರ ಬರುವ ದಾರಿ. ಒಂದು ಎಚ್.ಡಿ. ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷಕ್ಕೂ ಮಿಕ್ಕು. ಸೆಕೆಂಡಿಗೆ 24 ಚಿತ್ರಗಳಂತೆ ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ 24 ಬಿಟ್‌ಗಳಲ್ಲಿ ಯಥಾವತ್ತಾಗಿ ಬರೆದು ಕಳುಹಿಸುವುದಾದರೆ ಸೆಕೆಂಡಿಗೆ ಸುಮಾರು 120 ಕೋಟಿ ಬಿಟ್‌ಗಳು ಬೇಕು. ಅಂತರ್ಜಾಲದಲ್ಲಿ ಮನೆಗೆ ಬರುವುದು ಸ್ಥೂಲವಾಗಿ 50 ಲಕ್ಷ. ಎಂದರೆ ಇನ್ನೂರು ಪುಟದ ಕಾದಂಬರಿಯನ್ನು ಒಂದು ಪುಟಕ್ಕೆ ಇಳಿಸಿದಂತೆ! ಈ ಕುಗ್ಗಿಸುವ ಯಂತ್ರ ಜಾಣತನದ್ದು; ಕಣ್ಣು ಗಮನಿಸದ ವಿವರಗಳನ್ನು ಆರಿಸಿ ಬಿಡುತ್ತದೆ. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಬದಲಾಗದೆ ಉಳಿದುದನ್ನು ಮತ್ತೆ ಕಳುಹಿಸುವುದಿಲ್ಲ. ಕತ್ತಲಿನ ಮೂಲೆಗಳನ್ನು ಯಾರು ನೋಡುತ್ತಾರೆಂದು ಅಲ್ಲಿ ಹೆಚ್ಚು ಜಿಪುಣತನ ತೋರುತ್ತದೆ. ಆದರೆ ದೃಶ್ಯವೇ ಪೂರ್ತಿ ಕತ್ತಲಾಗಿ, ಅದರಲ್ಲಿ ಹಿಮ ಸುರಿಯುತ್ತ, ಹೊಗೆ ಸುತ್ತುತ್ತ, ಪಂಜುಗಳು ಓಲಾಡುತ್ತ ಕ್ಷಣಕ್ಷಣಕ್ಕೂ ಎಲ್ಲವೂ ಬದಲಾದರೆ? ಯಂತ್ರ ಕೈಚೆಲ್ಲುತ್ತದೆ. ಆ ದೀರ್ಘರಾತ್ರಿಯಲ್ಲಿ ಆದದ್ದು ಇದೇ.

ಮೆಟ್ಟಿಲುಗಳ ಕೊರತೆಯೂ ಇದೆ. ಸಾಮಾನ್ಯ ಪ್ರಸಾರದಲ್ಲಿ ಒಂದೊಂದು ಬಣ್ಣಕ್ಕೂ ಕಪ್ಪಿನಿಂದ ಪ್ರಖರದವರೆಗೆ ಇರುವುದು ಹೆಚ್ಚೆಂದರೆ 256 ಮಟ್ಟಗಳು. ಹೊಸ ಪದ್ಧತಿಯಲ್ಲಿ 1024. ಇರುಳಿನ ದೃಶ್ಯವೆಲ್ಲ ಕೆಳಗಿನ ಹತ್ತಿಪ್ಪತ್ತು ಮಟ್ಟಗಳಲ್ಲಿಯೇ ನಡೆಯಬೇಕು. ಹೀಗಾಗಿ ನವಿರಾಗಿ ಕರಗಬೇಕಾದ ನೆರಳು ಭೂಪಟದ ರೇಖೆಗಳಂತೆ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಆಕಾಶವಿರಬೇಕಾದಲ್ಲಿ ಮೆಟ್ಟಿಲುಗಳು ಕಾಣುತ್ತವೆ.

ನಡುಮನೆಯ ದೀಪ, ಅಜ್ಜಿಯ ಕಣ್ಣು

ಎರಡನೆಯ ಕಾರಣ ಮನೆಯೇ. ಕಿಟಕಿಯ ಬೆಳಕೋ ಟ್ಯೂಬ್‌ಲೈಟಿನ ಬೆಳಕೋ ತೆರೆಯ ಮೇಲೆ ಬಿದ್ದು ಮರಳುತ್ತದೆ. ಬಿದ್ದ ಬೆಳಕು 200 ಲಕ್ಸ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಹರಡಿ ಹಿಂದಿರುಗಿದರೂ ಇಡೀ ತೆರೆಯ ಮೇಲೆ ಒಂದು ನಿಟ್‌ಗಿಂತ ಹೆಚ್ಚಿನ ತೆಳುಮುಸುಕು ಹಬ್ಬುತ್ತದೆ. ಛಾಯಾಗ್ರಾಹಕ ಕಷ್ಟಪಟ್ಟು ಒಂದು ನಿಟ್‌ಗೂ ಕೆಳಗೆ ಬರೆದ ಸೂಕ್ಷ್ಮಗಳೆಲ್ಲ ಆ ಮುಸುಕಿನಡಿಯಲ್ಲಿ ಮುಳುಗುತ್ತವೆ. ಹಗಲಿನ ದೃಶ್ಯಕ್ಕೆ ಈ ಮುಸುಕು ಲೆಕ್ಕಕ್ಕಿಲ್ಲ. ಇರುಳಿನ ದೃಶ್ಯಕ್ಕೆ ಅದೇ ಮೃತ್ಯು. ನಕ್ಷತ್ರಗಳು ಹಗಲಿನಲ್ಲಿಯೂ ಆಕಾಶದಲ್ಲಿಯೇ ಇರುತ್ತವಷ್ಟೆ, ಕಾಣುತ್ತವೆಯೆ?

ಮೂರನೆಯ ಕಾರಣವನ್ನು ಯಾರೂ ಹೇಳುವುದಿಲ್ಲ, ಅದು ವಯಸ್ಸು. ವರ್ಷಗಳು ಕಳೆದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತು ವರ್ಷದವನ ಅಕ್ಷಿಪಟಲಕ್ಕೆ ಸೇರುವ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಅರವತ್ತರವರ ಅಕ್ಷಿಪಟಲವನ್ನು ಮುಟ್ಟುತ್ತದೆ. ಒಂದೇ ಸೋಫಾದ ಮೇಲೆ ಮೊಮ್ಮಗನೂ ಅಜ್ಜಿಯೂ ಕುಳಿತು ಒಂದೇ ತೆರೆಯನ್ನು ನೋಡುತ್ತಿದ್ದರೂ ಅವರು ನೋಡುತ್ತಿರುವ ಚಿತ್ರ ಒಂದೇ ಅಲ್ಲ. “ಯಾರೋ ಅದು? ಏನಾಯಿತೋ?” ಎಂದು ಅಜ್ಜಿ ಒಂದೆರಡು ಸಲ ಕೇಳುತ್ತಾಳೆ. “ತಡಿ ಅಜ್ಜಿ, ನೋಡೋಣ” ಎನ್ನುತ್ತಾನೆ ಮೊಮ್ಮಗ. ಮೂರನೆಯ ಸಲ ಅವಳು ಕೇಳುವುದಿಲ್ಲ. ನಿದ್ದೆ ಬರುತ್ತದೆಂದು ಹೇಳಿ ಮೆಲ್ಲನೆ ಎದ್ದು ಹೋಗುತ್ತಾಳೆ. ತೆರೆಯ ಕತ್ತಲು ಮನೆಯಲ್ಲಿ ಒಬ್ಬರ ಜಾಗವನ್ನು ಬರಿದುಮಾಡಿದೆಯೆಂದು ಯಾರ ಗಮನಕ್ಕೂ ಬರುವುದಿಲ್ಲ.

ಮನೆಯವರು ಮಾಡಬಹುದಾದುದು

ಹಾಗಾದರೆ ಉಪಾಯವೇ ಇಲ್ಲವೆ? ಉಂಟು, ಖರ್ಚೂ ಹೆಚ್ಚಿಲ್ಲ. ಮೊದಲು ಟಿ.ವಿ.ಯ ಸ್ಥಾನವನ್ನು ನೋಡಬೇಕು. ಕಿಟಕಿಯಾಗಲಿ ದೀಪವಾಗಲಿ ತೆರೆಗೆ ಎದುರಾಗಿರಬಾರದು. ಮುಸ್ಸಂಜೆಯಲ್ಲಿ ಮನೆಯನ್ನು ಕತ್ತಲುಮಾಡಲು ನಮ್ಮ ಹಿರಿಯರು ಒಪ್ಪರು, ಒಪ್ಪಬೇಕಾಗಿಯೂ ಇಲ್ಲ. ತೆರೆಯ ಮುಂದಿನ ದೀಪವನ್ನು ಆರಿಸಿ, ಟಿ.ವಿ.ಯ ಹಿಂಬದಿಯಲ್ಲಿ ಗೋಡೆಗೆ ಬೆಳಕು ಬೀಳುವಂತೆ ಸಣ್ಣ ದೀಪವೊಂದನ್ನು ಇರಿಸಿದರೆ ಸಾಕು. ಬೆಳಕು ತೆರೆಯ ಮೇಲೆ ಬೀಳುವುದಿಲ್ಲ. ಕಣ್ಣಿಗೆ ಆಯಾಸವೂ ಆಗುವುದಿಲ್ಲ. ಹಿಂದಿನ ಕಾಲದಲ್ಲಿ ಹಿರಿಯರು ಹೇಳುತ್ತಿದ್ದ ಈ ಮಾತನ್ನು ಚಿತ್ರ ತಿದ್ದುವ ಕೋಣೆಗಳಲ್ಲಿ ಇಂದಿಗೂ ಪಾಲಿಸುತ್ತಾರೆ.

ಅನಂತರ ಟಿ.ವಿ.ಯ ಹೊಂದಾಣಿಕೆ. ಅಂಗಡಿಯ ಝಗಝಗಿಸುವ ದೀಪಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಲೆಂದು ಮಾಡಿದ ‘ವಿವಿಡ್’ ಎಂಬ ಬಗೆಯಲ್ಲಿ ಬಣ್ಣ ಉಕ್ಕುತ್ತದೆ, ನೆರಳಿನ ನವಿರು ಅಳಿಯುತ್ತದೆ. ರಾತ್ರಿ ಚಿತ್ರ ನೋಡುವಾಗ ‘ಸಿನಿಮಾ’ ಎಂಬ ಬಗೆಯನ್ನೋ, ಇದ್ದರೆ ‘ಫಿಲ್ಮ್‌ಮೇಕರ್ ಮೋಡ್’ ಎಂಬುದನ್ನೋ ಆರಿಸಿಕೊಳ್ಳುವುದು ಮೇಲು. ಈ ಎರಡನೆಯದನ್ನು ಟಿ.ವಿ. ತಯಾರಕರೂ ಚಿತ್ರಸಂಸ್ಥೆಗಳೂ ಸೇರಿದ ಕೂಟವೊಂದು 2019ರ ಆಗಸ್ಟಿನಲ್ಲಿ ಪ್ರಕಟಿಸಿತು. ಮಾರ್ಟಿನ್ ಸ್ಕಾರ್ಸೆಸೆ, ಕ್ರಿಸ್ಟೊಫರ್ ನೋಲನ್‌ರಂಥ ನಿರ್ದೇಶಕರು ಬೆಂಬಲ ಕೊಟ್ಟರು. ಆದರೆ ಇವು ಮಂದಬೆಳಕಿನ ಕೋಣೆಗೆ ತಕ್ಕವು. ಹಗಲಿನಲ್ಲಿ ನೋಡುವಾಗ ತೆರೆಯ ಬೆಳಕನ್ನು ಹೆಚ್ಚಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ವಿದ್ಯುತ್ ಉಳಿಸುವ ಏರ್ಪಾಡು ತೆರೆಯನ್ನು ತಾನಾಗಿ ಮಂಕುಮಾಡುವುದುಂಟು, ಅದನ್ನು ತೆಗೆದುನೋಡಬೇಕು. ಅಂತರ್ಜಾಲದ ಚಿತ್ರವಾದರೆ ‘ಡೇಟಾ ಉಳಿತಾಯ’ವನ್ನು ಬಿಟ್ಟು ಮೇಲಿನ ಗುಣಮಟ್ಟವನ್ನು ಆರಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಹೊಂದಿಸುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು “ಈಗ ಕಾಣುತ್ತದೆಯೆ?” ಎಂದು ಕೇಳಬೇಕು. ಅವರಿಗೆ ಕಂಡರೆ ಎಲ್ಲರಿಗೂ ಕಂಡಂತೆ.

ಹೊಣೆ ಯಾರದು?

ಇಷ್ಟೆಲ್ಲ ಮಾಡಿದರೂ ಕಾಣದಿದ್ದರೆ ತಪ್ಪು ಮನೆಯವರದಲ್ಲ. 2022ರ ಅಕ್ಟೋಬರ್ 2ರಂದು ಅದೇ ಕಥಾಲೋಕದ ‘ಹೌಸ್ ಆಫ್ ದಿ ಡ್ರಾಗನ್’ ಧಾರಾವಾಹಿಯ ಏಳನೆಯ ಕಂತಿನಲ್ಲಿ ಕಡಲತೀರದ ರಾತ್ರಿಯ ದೃಶ್ಯ ಮತ್ತೆ ಜನರ ಕಣ್ಣಿಗೆ ಬೀಳಲಿಲ್ಲ. ಮತ್ತೆ ದೂರುಗಳು. ಮಂದಬೆಳಕು ಬೇಕೆಂದೇ ಕೈಗೊಂಡ ಸೃಜನಶೀಲ ನಿರ್ಧಾರವೆಂದು ಪ್ರಸಾರ ಮಾಡಿದ ಸಂಸ್ಥೆ ಉತ್ತರ ಕೊಟ್ಟಿತು. ಮೂರು ವರ್ಷಗಳ ಹಿಂದೆ ಕಲಿಯಬೇಕಾಗಿದ್ದ ಪಾಠ ಹಾಗೆಯೇ ಉಳಿದಿತ್ತು.

ವ್ಯಾಗ್ನರ್ ಹೇಳಿದುದು ಸುಳ್ಳಲ್ಲ. ಅವರ ಕೋಣೆಯಲ್ಲಿ, ಅವರ ತೆರೆಯ ಮೇಲೆ ಆ ಯುದ್ಧ ಕಾಣುತ್ತಿದ್ದಿರಲೇಬೇಕು. ನೋಡುಗರು ಹೇಳಿದುದೂ ಸುಳ್ಳಲ್ಲ. ಅವರ ಮನೆಯಲ್ಲಿ ಅದು ಕಾಣಲಿಲ್ಲ. ಆದರೆ ಇಬ್ಬರ ಹೊಣೆ ಸಮನಲ್ಲ. ತನ್ನ ಚಿತ್ರ ಯಾವ ದಾರಿಯಲ್ಲಿ ಸಾಗಿ ಎಂಥ ಮನೆಯನ್ನು ಸೇರುತ್ತದೆಂಬುದು ಅದನ್ನು ಮಾಡುವವನಿಗೆ ತಿಳಿದಿದೆ; ನೋಡುವವನಿಗೆ ಕತ್ತಲು ಎಲ್ಲಿ ಹುಟ್ಟಿತೆಂಬುದು ತಿಳಿಯದು. ತಿಳಿದವನೇ ಒಂದು ಹೆಜ್ಜೆ ಮುಂದೆ ಬರಬೇಕು. ಬೆಲೆಬಾಳುವ ತೆರೆಯ ಮೇಲೆ ತಿದ್ದಿ ಮುಗಿಸಿದ ಚಿತ್ರವನ್ನು ಒಮ್ಮೆ ಸಾಧಾರಣ ಟಿ.ವಿ.ಯಲ್ಲಿ, ಕುಗ್ಗಿಸಿ ಕಳುಹಿಸಿದ ರೂಪದಲ್ಲಿ, ದೀಪ ಹೊತ್ತಿರುವ ಕೋಣೆಯಲ್ಲಿ ಕುಳಿತು ನೋಡುವುದು ದೊಡ್ಡ ಕೆಲಸವೇನಲ್ಲ. ಅಡಿಗೆ ಮಾಡಿದವನು ಬಡಿಸುವ ಮುನ್ನ ಎಲೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದಿಲ್ಲವೆ?

ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ತಂದ ಮೈಸೂರಿನ ಆ ಕಲಾವಿದರು ಕತ್ತಲಿಗೆ ಹೆದರಿದವರಲ್ಲ. ಆದರೂ ಅವರ ಕತ್ತಲಿನ ನಡುವೆ ಒಂದು ಕಿರಣ ಸದಾ ಇರುತ್ತಿತ್ತು. ಆ ಕಿರಣದಿಂದಲೇ ಸುತ್ತಲಿನ ಕತ್ತಲು ಎಷ್ಟು ಗಾಢವೆಂದು ತಿಳಿಯುತ್ತಿತ್ತು. ಮನೆಯ ತೆರೆಗೆ ಇರುಳನ್ನು ಕಳುಹಿಸುವವರು ಅಂಥದೊಂದು ಕಿರಣವನ್ನು ಜೊತೆಗೆ ಕಳುಹಿಸಲಿ. ಆಗ ಅಜ್ಜಿಗೆ ನಿದ್ದೆ ಬರುವುದಿಲ್ಲ. ಕಥೆ ಮುಗಿಯುವವರೆಗೆ ಅವಳೂ ಎಲ್ಲರೊಡನೆ ಕುಳಿತಿರುತ್ತಾಳೆ.